ವಾಟ್ಸ್ಆ್ಯಪ್, ಕ್ಲಾಸ್‌ರೂಮ್, ಗೂಗಲ್ ಸೈಟ್ಸ್, ಮೂಡಲ್: ಕಾಲೇಜು ಪಾಠದ ತಾಣಕ್ಕೆ ಯಾವುದು ಹೊಂದುತ್ತೆ?

ಪದವಿ ಕಾಲೇಜಿನಲ್ಲಿ ಪಾಠ ಮಾಡುವವರಿಗೆ ಪ್ರತಿ ಸೆಮಿಸ್ಟರ್ ಶುರುವಾಗುವಾಗಲೂ ಇದೇ ಪ್ರಶ್ನೆ. ನೋಟ್ಸು, ವೀಡಿಯೊ, ಅಸೈನ್‌ಮೆಂಟು, ಕ್ವಿಜ್ಜು ಎಲ್ಲ ಒಂದೇ ಕಡೆ ಸಿಗಬೇಕು. ಅದನ್ನ ಎಲ್ಲಿ ಮಾಡೋದು?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮದು ಒಂದೆರಡು ವಿಷಯ, ಕಾಲೇಜಿನಿಂದ ತಾಂತ್ರಿಕ ನೆರವು ಏನೂ ಇಲ್ಲ ಅಂದರೆ ಗೂಗಲ್ ಕ್ಲಾಸ್‌ರೂಮ್ ಹಿಡಿಯಿರಿ. ಲೆಕ್ಕ, ಭೌತಶಾಸ್ತ್ರ, ಕಾಮರ್ಸ್ ಥರ ಅಭ್ಯಾಸ ಜಾಸ್ತಿ ಬೇಡುವ ವಿಷಯವಾಗಿದ್ದು, ಸರ್ವರ್ ನೋಡಿಕೊಳ್ಳುವವರು ಕಾಲೇಜಿನಲ್ಲಿ ಒಬ್ಬರಾದರೂ ಇದ್ದರೆ ಮೂಡಲ್‌ಗೆ (ಸರ್ವರ್‌ನಲ್ಲಿ ನಾವೇ ಹಾಕಿಕೊಳ್ಳಬಹುದಾದ ಪಾಠದ ತಂತ್ರಾಂಶ) ಹೋಗಿ, ಪಟ್ಟ ಕಷ್ಟಕ್ಕೆ ಬೆಲೆ ಸಿಗುತ್ತೆ. ಲಾಗಿನ್ ಇಲ್ಲದೆ ಯಾರು ಬೇಕಾದರೂ ಓದುವಂಥ ಪಾಠದ ಪುಟ ಸಾಕು ಅಂದರೆ ಗೂಗಲ್ ಸೈಟ್ಸ್. ವಾಟ್ಸ್ಆ್ಯಪ್ ಗುಂಪು ಸುದ್ದಿ ಮುಟ್ಟಿಸೋಕೆ ಇರಲಿ, ಪಾಠ ಇಡೋಕೆ ಬೇಡ.

ಇಷ್ಟೇ ಓದಿ ಹೊರಡಬೇಡಿ. ಪ್ರತಿಯೊಂದರ ಹಿಂದೆ ಕಾರಣ ಇದೆ. ನಿಮ್ಮ ಕಾಲೇಜಿನ ಪರಿಸ್ಥಿತಿ ಬೇರೆಯಾಗಿದ್ದರೆ ಆಯ್ಕೆಯೂ ಬದಲಾಗಬಹುದು.

ಯಾವುದರಿಂದ ಅಳೆಯಬೇಕು

ಯಾವ ತಾಣವೇ ಆಗಲಿ, ನಾನು ಮೊದಲು ಕೇಳುವುದು ಒಂದೇ. ಮೂರು ಕ್ಲಾಸು ತಪ್ಪಿಸಿಕೊಂಡ ವಿದ್ಯಾರ್ಥಿ ರಾತ್ರಿ ಹತ್ತು ಗಂಟೆಗೆ ಫೋನಿನಲ್ಲಿ ತಾಣ ತೆರೆದರೆ, ಈ ವಾರ ತಾನೇನು ಮಾಡಬೇಕು ಅನ್ನೋದು ಒಂದು ನಿಮಿಷದಲ್ಲಿ ಗೊತ್ತಾಗುತ್ತಾ?

ಇದು ಸುಮ್ನೆ ಕಲ್ಪಿಸಿಕೊಂಡ ವಿದ್ಯಾರ್ಥಿ ಅಂದುಕೊಳ್ಳಬೇಡಿ. ನಮ್ಮ ಕಾಲೇಜುಗಳಲ್ಲಿ ಅಡ್ಮಿಷನ್ ಪಾಠ ಶುರುವಾದ ಮೇಲೂ ನಡೆಯುತ್ತಿರುತ್ತದೆ. ಬಸ್ಸಿನಲ್ಲಿ ಬರುವವರು ಮಳೆಗಾಲದಲ್ಲಿ ಮೊದಲ ಪೀರಿಯಡ್ ತಪ್ಪಿಸಿಕೊಳ್ಳುತ್ತಾರೆ. ಓದಿನ ಜೊತೆ ಕೆಲಸಕ್ಕೆ ಹೋಗುವವರೂ ಇದ್ದಾರೆ. ಕ್ಲಾಸಿಗೆ ತಪ್ಪದೆ ಬರುವ ವಿದ್ಯಾರ್ಥಿಗೆ ತಾಣ ಹೇಗಿದ್ದರೂ ನಡೆಯುತ್ತೆ, ಗೊತ್ತಾಗದೆ ಇದ್ದದ್ದನ್ನ ಮಾರನೇ ದಿನ ಕೇಳಿಕೊಳ್ಳುತ್ತಾರೆ. ತಾಣದ ಅಗತ್ಯ ಜಾಸ್ತಿ ಇರುವುದು ಬರಲಾಗದವರಿಗೆ.

ಇದರ ಜೊತೆಗೆ ಇನ್ನೂ ಮೂರು ವಿಚಾರ ನೋಡಬೇಕು. ತಪ್ಪು ಉತ್ತರ ಕೊಟ್ಟಾಗ ಎಲ್ಲಿ ತಪ್ಪಿತು ಅಂತ ತಾಣವೇ ಹೇಳುತ್ತಾ? ನೀವು ಕಾಲೇಜು ಬಿಟ್ಟರೆ ಪಾಠ ಯಾರ ಹತ್ತಿರ ಉಳಿಯುತ್ತೆ? ಕನ್ನಡದಲ್ಲಿ ಬರೆದದ್ದು ನೆಟ್ಟಗೆ ಕಾಣುತ್ತಾ?

ವಾಟ್ಸ್ಆ್ಯಪ್, ಟೆಲಿಗ್ರಾಂ

ಎಲ್ಲರ ಫೋನಿನಲ್ಲೂ ಇದೆ, ಹೊಸದಾಗಿ ಏನೂ ಕಲಿಸಬೇಕಿಲ್ಲ. ಆದ್ದರಿಂದ ಎಲ್ಲರೂ ಇಲ್ಲಿಂದಲೇ ಶುರು ಮಾಡುತ್ತಾರೆ. ತೊಂದರೆ ಬರುವುದು ಆರನೇ ವಾರದ ಹೊತ್ತಿಗೆ. ಎರಡನೇ ಘಟಕದ ಪಿಡಿಎಫ್ ಹುಡುಕಲು ಹೋದರೆ ಹುಟ್ಟುಹಬ್ಬದ ಶುಭಾಶಯ, 'ಸರ್ ನಾಳೆ ಕ್ಲಾಸ್ ಇದೆಯಾ', ಅದಕ್ಕೆ ಮೂವತ್ತು ಉತ್ತರ, ಇವನ್ನೆಲ್ಲ ದಾಟಿ ಹೋಗಬೇಕು. ತಡವಾಗಿ ಸೇರಿದವರಿಗೆ ಹಳೆಯ ಸಂದೇಶಗಳು ತಾವಾಗಿ ಕಾಣುವುದಿಲ್ಲ. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಸಾಮಾನ್ಯ ಗುಂಪಿನಲ್ಲಿ ಎಲ್ಲರ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ. ನೂರು ಜನರ ತರಗತಿಯ ಹೆಣ್ಣುಮಕ್ಕಳ ನಂಬರ್ ಹಾಗೆ ಬಯಲಾಗುವುದು ನನಗೆ ಒಪ್ಪಿಗೆಯಿಲ್ಲ.

ಟೆಲಿಗ್ರಾಂ ಚಾನೆಲ್‌ನಲ್ಲಿ ಈ ಎರಡೂ ತೊಂದರೆ ಕಡಿಮೆ. ಹಳೆಯದು ಸಿಗುತ್ತದೆ, ಸೇರಿದವರ ನಂಬರ್ ಬೇರೆ ವಿದ್ಯಾರ್ಥಿಗಳಿಗೆ ಕಾಣುವುದಿಲ್ಲ. ಆದರೂ ಯಾರು ಅಸೈನ್‌ಮೆಂಟ್ ಕೊಟ್ಟರು, ಯಾರು ಕೊಡಲಿಲ್ಲ ಅನ್ನುವ ಲೆಕ್ಕ ಅದರಲ್ಲಿ ಸಿಗುವುದಿಲ್ಲ. ಸಂದೇಶ ಕಳಿಸಿ, ಜೊತೆಗೆ ನಿಜವಾದ ತಾಣದ ಕೊಂಡಿ ಹಾಕಿ. ಅಷ್ಟಕ್ಕೆ ಬಳಸಿ ಸಾಕು.

ಗೂಗಲ್ ಕ್ಲಾಸ್‌ರೂಮ್

ಪಾಠ ಹಾಕಿ, ಅಸೈನ್‌ಮೆಂಟ್ ತೆಗೆದುಕೊಳ್ಳುವ ಗೂಗಲ್‌ನ ತಾಣ, 2014ರಲ್ಲಿ ಶುರುವಾದದ್ದು. 2017ರಿಂದ ಮಾಮೂಲಿ ಜಿಮೇಲ್ ಇರುವವರೂ ತರಗತಿ ತೆರೆಯಬಹುದು. ಅರ್ಧ ಗಂಟೆಯಲ್ಲಿ ತಾಣ ನಿಲ್ಲುತ್ತದೆ. ಸರ್ವರ್ ಚಿಂತೆ ಇಲ್ಲ, ಬ್ಯಾಕಪ್ ಚಿಂತೆ ಇಲ್ಲ, ಪರೀಕ್ಷೆ ದಿನ ತಾಣ ಮಲಗಿಬಿಡುತ್ತದೆ ಅನ್ನುವ ಭಯವೂ ಇಲ್ಲ. ಒಬ್ಬರೇ ನಿಭಾಯಿಸುವ ಉಪನ್ಯಾಸಕರಿಗೆ ಇದು ಸಣ್ಣ ಅನುಕೂಲ ಅಲ್ಲ.

ಆದರೆ ಇದನ್ನು ತೆರೆದ ಹಾಗೇ ಬಿಟ್ಟರೆ ಇನ್ನೊಂದು ವಾಟ್ಸ್ಆ್ಯಪ್ ಆಗುತ್ತದೆ. ಮೊದಲು ಕಾಣುವ 'ಸ್ಟ್ರೀಮ್' ಪುಟದಲ್ಲಿ ಹಾಕಿದ್ದೆಲ್ಲ ದಿನಾಂಕದ ಪ್ರಕಾರ ಸುರಿಯುತ್ತಾ ಹೋಗುತ್ತದೆ. ಪಾಠವನ್ನು ಅಲ್ಲಿ ಹಾಕಲೇಬೇಡಿ. ಎಲ್ಲವನ್ನೂ 'ಕ್ಲಾಸ್‌ವರ್ಕ್' ಪುಟದಲ್ಲಿ, ವಾರಕ್ಕೊಂದು 'ಟಾಪಿಕ್' ಮಾಡಿ ಅದರೊಳಗೆ ಇಡಿ. ಸೆಟ್ಟಿಂಗ್ಸ್‌ಗೆ ಹೋಗಿ ಸ್ಟ್ರೀಮ್‌ನಲ್ಲಿ ಕ್ಲಾಸ್‌ವರ್ಕ್ ಸೂಚನೆಗಳು ಬರದ ಹಾಗೆ ಮಾಡಿ. ನಡೆಯುತ್ತಿರುವ ವಾರವನ್ನು ಎಳೆದು ಮೇಲಕ್ಕೆ ತನ್ನಿ. ಐದು ನಿಮಿಷದ ಕೆಲಸ, ಆದರೆ ತಾಣ ಬಳಕೆಗೆ ಬರುವುದೋ ಇಲ್ಲವೋ ಅನ್ನುವುದು ಇಲ್ಲೇ ತೀರ್ಮಾನ ಆಗುತ್ತದೆ.

ಎರಡು ಕಡೆ ಎಡವುತ್ತೀರಿ, ಮೊದಲೇ ಗೊತ್ತಿರಲಿ. ಒಂದು, ಖಾತೆಯ ಗೊಂದಲ. ಕಾಲೇಜು ತನ್ನದೇ ಡೊಮೇನ್‌ನಲ್ಲಿ ವಿದ್ಯಾರ್ಥಿಗಳಿಗೆ ಐಡಿ ಕೊಟ್ಟಿದ್ದರೆ, ಅವರ ಫೋನ್ ಮಾತ್ರ ಸ್ವಂತ ಜಿಮೇಲ್‌ನಲ್ಲೇ ಇರುತ್ತದೆ. ಕೋಡ್ ಹಾಕಿದರೆ ಸೇರಿಸಿಕೊಳ್ಳುವುದಿಲ್ಲ. 'ಸರ್ ಕೋಡ್ ತಪ್ಪಿದೆ' ಅಂತ ಫೋನ್ ಬರುತ್ತದೆ. ಮೊದಲ ದಿನ ಕ್ಲಾಸಿನಲ್ಲೇ ಎಲ್ಲರ ಕೈಯಲ್ಲೂ ಖಾತೆ ಬದಲಿಸಿ ಸೇರಿಸಿಬಿಡಿ. ಎರಡು, ಮಿತಿ. ಸ್ವಂತ ಜಿಮೇಲ್‌ನಿಂದ ತೆರೆದ ತರಗತಿಗೆ ಉಪನ್ಯಾಸಕರೂ ಸೇರಿ 250 ಜನರ ಮಿತಿ ಇದೆ. ಫೈಲುಗಳೆಲ್ಲ ನಿಮ್ಮ 15 ಜಿಬಿಯಲ್ಲೇ ಕೂರಬೇಕು, ಅದೇ 15 ಜಿಬಿಯಲ್ಲಿ ನಿಮ್ಮ ಮೇಲ್, ಮನೆಯ ಫೋಟೊಗಳೂ ಇರುತ್ತವೆ. ಮಾನ್ಯತೆ ಇರುವ ಕಾಲೇಜುಗಳಿಗೆ ಗೂಗಲ್‌ನ ಶಿಕ್ಷಣ ಆವೃತ್ತಿ ಉಚಿತವಾಗಿ ಸಿಗುತ್ತದೆ. ಪ್ರಾಂಶುಪಾಲರನ್ನು ಕೇಳಿ, ಅರ್ಜಿ ಹಾಕಿಸಿ.

ಗೂಗಲ್ ಸೈಟ್ಸ್

ಇದು ಬರೀ ಪುಟ ಕಟ್ಟುವ ಸಾಧನ. ಪಠ್ಯ, ಚಿತ್ರ, ಯೂಟ್ಯೂಬ್ ವೀಡಿಯೊ, ಡ್ರೈವ್‌ನ ಫೈಲು, ಗೂಗಲ್ ಫಾರ್ಮ್ ಎಲ್ಲವನ್ನೂ ಒಂದೇ ಪುಟದಲ್ಲಿ ನಿಮಗೆ ಬೇಕಾದ ಕ್ರಮದಲ್ಲಿ ಜೋಡಿಸಬಹುದು. ಫೋನಿಗೆ ತಾನೇ ಹೊಂದಿಕೊಳ್ಳುತ್ತದೆ. ಸಾರ್ವಜನಿಕ ಮಾಡಿದರೆ ಲಾಗಿನ್ ಬೇಡ.

ಓದಲು ಚೆನ್ನಾಗಿರುವ ಪುಟ ಬೇಕು ಅಂದರೆ ಕ್ಲಾಸ್‌ರೂಮ್‌ಗಿಂತ ಇದೇ ವಾಸಿ. ಕ್ಲಾಸ್‌ರೂಮ್‌ನಲ್ಲಿ ಫೈಲುಗಳ ಪಟ್ಟಿ ಇರುತ್ತದೆ, ಒಂದು ಫೈಲಿಂದ ಇನ್ನೊಂದಕ್ಕೆ ಏನು ಸಂಬಂಧ ಅಂತ ಹೇಳಲು ಜಾಗ ಕಡಿಮೆ. ಇಲ್ಲಿ 'ಮೊದಲು ಇದನ್ನ ಓದಿ, ಕೆಳಗಿನ ಚಿತ್ರದಲ್ಲಿ ಎಡಗಡೆಯ ಕೋಶ ನೋಡಿ, ಆಮೇಲೆ ಪ್ರಶ್ನೆಗೆ ಉತ್ತರಿಸಿ' ಅಂತ ಕೈ ಹಿಡಿದು ಕರೆದುಕೊಂಡು ಹೋಗಬಹುದು. ಅಂಕ, ಹಾಜರಿ, ಸಲ್ಲಿಕೆ ಇವು ಯಾವುದೂ ಇಲ್ಲ. ಕನ್ನಡ ಸಾಹಿತ್ಯ, ಇತಿಹಾಸ, ಸಮಾಜಶಾಸ್ತ್ರದ ಪಾಠಗಳಿಗೆ ಸೈಟ್ಸ್‌ನಲ್ಲಿ ಪುಟ ಮಾಡಿ, ಅದರ ಕೊಂಡಿಯನ್ನು ಕ್ಲಾಸ್‌ರೂಮ್‌ನಲ್ಲಿ ಹಾಕಿ ಸಲ್ಲಿಕೆ ಅಲ್ಲಿ ತೆಗೆದುಕೊಳ್ಳುವುದು ನಾನು ಕಂಡ ಒಳ್ಳೆಯ ಜೋಡಿ.

ಮೂಡಲ್

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮಾರ್ಟಿನ್ ಡೂಗಿಯಾಮಸ್ ಶುರು ಮಾಡಿದ್ದು, ಮೊದಲ ಆವೃತ್ತಿ 2002ರ ಆಗಸ್ಟ್‌ನಲ್ಲಿ ಬಂತು. ಮುಕ್ತ ತಂತ್ರಾಂಶ, ಲೈಸನ್ಸ್‌ಗೆ ದುಡ್ಡು ಕೊಡಬೇಕಿಲ್ಲ. ದುಡ್ಡು ಬೇಕಾಗುವುದು ಅದನ್ನು ಇಡುವ ಸರ್ವರ್‌ಗೆ, ಅದನ್ನು ನೋಡಿಕೊಳ್ಳುವ ಮನುಷ್ಯನಿಗೆ. ಹೊಸ ಆವೃತ್ತಿ ಹಾಕಬೇಕು, ಬ್ಯಾಕಪ್ ತೆಗೆಯಬೇಕು, ಪಾಸ್‌ವರ್ಡ್ ಮರೆತವರಿಗೆ ಉತ್ತರ ಕೊಡಬೇಕು. ಈ ಕೆಲಸಕ್ಕೆ ಯಾರೂ ಇಲ್ಲದ ಕಾಲೇಜಿನಲ್ಲಿ ಮೂಡಲ್ ಹಾಕಿಸಿದರೆ ಎರಡನೇ ವರ್ಷಕ್ಕೆ ಅದು ಹಾಳುಬೀಳುತ್ತದೆ. ಕಂಪ್ಯೂಟರ್ ಸೈನ್ಸ್ ವಿಭಾಗದ ಒಬ್ಬರು ಒಪ್ಪಿಕೊಂಡರೆ ಮಾತ್ರ ಮುಂದುವರಿಯಿರಿ.

ಅಂದಹಾಗೆ, ಸರ್ಕಾರಿ ಪದವಿ ಕಾಲೇಜಿನಲ್ಲಿ ಇರುವವರು ಹೊಸದಾಗಿ ಏನಾದರೂ ಕಟ್ಟುವ ಮುಂಚೆ ಇಲಾಖೆಯ ಕರ್ನಾಟಕ ಎಲ್‌ಎಂಎಸ್ (ಪಾಠ ಇಡುವ ಸರ್ಕಾರದ ತಾಣ) ಒಮ್ಮೆ ನೋಡಿ. 2021ರಲ್ಲಿ ಅದನ್ನು ಸರ್ಕಾರಿ ಕಾಲೇಜುಗಳಿಗೆಂದೇ ತಂದರು. ನಿಮ್ಮ ವಿಷಯದ ಪಾಠ ಅಲ್ಲಿ ಆಗಲೇ ಇದ್ದರೆ ಅದನ್ನೇ ಮತ್ತೆ ಟೈಪ್ ಮಾಡುವ ಅಗತ್ಯ ಇಲ್ಲ, ಅಲ್ವಾ?

ಮೂಡಲ್‌ನಲ್ಲಿ ಪಾಠವನ್ನು ವಾರದ ಪ್ರಕಾರ ಜೋಡಿಸಿದರೆ ನಡೆಯುತ್ತಿರುವ ವಾರವನ್ನು ಅದೇ ಎತ್ತಿ ತೋರಿಸುತ್ತದೆ. ಮುಗಿಸಿದ ಕೆಲಸಕ್ಕೆ ಗುರುತು ಬೀಳುತ್ತದೆ. ಫೋನಿನ ಆ್ಯಪ್‌ನಲ್ಲಿ ಪಾಠ ಇಳಿಸಿಕೊಂಡು ನೆಟ್ ಇಲ್ಲದ ಕಡೆ ಓದಬಹುದು. ಕಾಲೇಜಿನ ವೈಫೈನಲ್ಲಿ ಇಳಿಸಿಕೊಂಡು ಊರಿಗೆ ಹೋಗುವವರಿಗೆ ಇದು ದೊಡ್ಡ ನೆರವು. ಆ್ಯಪ್‌ನ ಉಚಿತ ಯೋಜನೆಗೆ ಕೆಲವು ಮಿತಿಗಳಿವೆ. ದೊಡ್ಡ ಕಾಲೇಜಾಗಿದ್ದರೆ ಅದನ್ನು ಮೊದಲೇ ನೋಡಿಕೊಳ್ಳಿ.

ಬಾಗಿಲು ಹಾಕುವ ಸೌಲಭ್ಯವೂ ಇದೆ. ಮೂರನೇ ವಾರದ ಕ್ವಿಜ್ ಪಾಸಾಗದೆ ನಾಲ್ಕನೇ ವಾರ ತೆರೆಯದ ಹಾಗೆ ಮಾಡಬಹುದು. ದಯವಿಟ್ಟು ಇದನ್ನು ತುಂಬ ಕಡಿಮೆ ಬಳಸಿ. ಹುಷಾರಿಲ್ಲದೆ ಒಂದು ವಾರ ಹಿಂದೆ ಬಿದ್ದವರಿಗೆ ಉಳಿದ ಸೆಮಿಸ್ಟರೇ ಮುಚ್ಚಿಹೋಗುತ್ತದೆ.

ಅಮೆರಿಕದ ಕಾಲೇಜುಗಳಲ್ಲಿ ಕ್ಯಾನ್ವಾಸ್ ಅನ್ನುವ ಇಂಥದ್ದೇ ತಂತ್ರಾಂಶ ಹೆಚ್ಚು ಬಳಕೆಯಲ್ಲಿದೆ. ಬಳಸಲು ಸಲೀಸು, ಆದರೆ ಸಂಸ್ಥೆಯ ಮಟ್ಟದಲ್ಲಿ ಬೇಕೆಂದರೆ ದುಬಾರಿ. ಹಾರ್ವರ್ಡ್ ಮತ್ತು ಎಂಐಟಿ 2012ರಲ್ಲಿ ಶುರು ಮಾಡಿದ ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕೋರ್ಸುಗಳ ತಾಣದ ತಂತ್ರಾಂಶವೂ ಮುಕ್ತವಾಗಿಯೇ ಸಿಗುತ್ತದೆ, ಆದರೆ ಸಾವಿರಾರು ಜನರ ಕೋರ್ಸಿಗೆ ಮಾಡಿದ್ದು. ಅರವತ್ತು ಜನರ ತರಗತಿಗೆ ಭಾರ.

ಒಂದು ಲೆಕ್ಕ, ಎರಡು ಕ್ವಿಜ್

ಕ್ಲಾಸ್‌ರೂಮ್‌ಗೂ ಮೂಡಲ್‌ಗೂ ನಿಜವಾದ ವ್ಯತ್ಯಾಸ ಗೊತ್ತಾಗುವುದು ಕ್ವಿಜ್‌ನಲ್ಲಿ. ಬಿಕಾಂ ವಿದ್ಯಾರ್ಥಿಗಳು ವೆಚ್ಚ ಲೆಕ್ಕಶಾಸ್ತ್ರದಲ್ಲಿ ಮಾಡುವ ಇಒಕ್ಯೂ (ಎಕನಾಮಿಕ್ ಆರ್ಡರ್ ಕ್ವಾಂಟಿಟಿ) ಲೆಕ್ಕವನ್ನೇ ತೆಗೆದುಕೊಳ್ಳೋಣ. ಒಂದು ಸಲಕ್ಕೆ ಎಷ್ಟು ಮಾಲು ತರಿಸಿದರೆ ಒಟ್ಟು ಖರ್ಚು ಕಡಿಮೆ ಅನ್ನುವ ಲೆಕ್ಕ ಅದು.

ವರ್ಷಕ್ಕೆ ಬೇಕಾದ ಮಾಲು 3,600 ಘಟಕ. ಒಂದು ಆರ್ಡರ್‌ಗೆ ಖರ್ಚು 50 ರೂಪಾಯಿ. ಒಂದು ಘಟಕವನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚು 4 ರೂಪಾಯಿ. ಎರಡನ್ನು 3,600ರಿಂದ, ಆಮೇಲೆ 50ರಿಂದ ಗುಣಿಸಿ 4ರಿಂದ ಭಾಗಿಸಿದರೆ 90,000. ಅದರ ವರ್ಗಮೂಲ 300. ಉತ್ತರ 300 ಘಟಕ.

ಕ್ಲಾಸ್‌ರೂಮ್‌ನ ಕ್ವಿಜ್ ಮಾಡುವುದು ಗೂಗಲ್ ಫಾರ್ಮ್‌ನಲ್ಲಿ. ಅದರಲ್ಲಿ ಈ ಪ್ರಶ್ನೆ ಹಾಕಿದರೆ ಎಲ್ಲರಿಗೂ ಇದೇ ಅಂಕಿಗಳು. ಮೊದಲು ಮುಗಿಸಿದವರು 300 ಅಂತ ಗುಂಪಿಗೆ ಹಾಕಿದರೆ ಅಲ್ಲಿಗೆ ಅಭ್ಯಾಸ ಮುಗಿಯಿತು. ತಪ್ಪಿದವರಿಗೆ ಹೇಳಬಹುದಾದದ್ದೂ ಕಡಿಮೆ. ಬಹು ಆಯ್ಕೆಯ ಪ್ರಶ್ನೆಯಲ್ಲಿ ಸರಿ ಉತ್ತರಕ್ಕೊಂದು, ತಪ್ಪು ಉತ್ತರಗಳಿಗೆಲ್ಲ ಸೇರಿ ಒಂದು ಮಾತು ಬರೆಯಬಹುದು, ಅಷ್ಟೇ.

ಮೂಡಲ್‌ನಲ್ಲಿ 'ಕ್ಯಾಲ್ಕ್ಯುಲೇಟೆಡ್' ಅನ್ನುವ ಬಗೆಯ ಪ್ರಶ್ನೆ ಇದೆ. ಅಂಕಿಗಳ ಜಾಗದಲ್ಲಿ ಚರಾಕ್ಷರ ಇಟ್ಟು, ಉತ್ತರದ ಜಾಗದಲ್ಲಿ ಸೂತ್ರ ಕೊಡುತ್ತೀರಿ. ಅಂಕಿಗಳ ಹಲವು ಜೋಡಿ ತಯಾರಾಗಿರುತ್ತವೆ, ಪ್ರಶ್ನೆ ತೆರೆದಾಗ ಅದರಲ್ಲೊಂದು ಬರುತ್ತದೆ. ಪಕ್ಕದವರ ಉತ್ತರ ನಕಲು ಮಾಡಿ ಪ್ರಯೋಜನ ಇಲ್ಲ. 'ಹೇಗೆ ಮಾಡಿದೆ' ಅಂತ ಕೇಳಲೇಬೇಕು. ನಮಗೆ ಬೇಕಾದದ್ದೂ ಅದೇ ತಾನೇ!

ಇದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು. ತಪ್ಪು ಉತ್ತರಗಳಿಗೂ ಬೇರೆಬೇರೆ ಮಾತು ಬರೆಯಬಹುದು. ಮೇಲಿನ ಲೆಕ್ಕದಲ್ಲಿ ಒಬ್ಬರು 212 ಅಂತ ಬರೆದರೆ ಎರಡರಿಂದ ಗುಣಿಸುವುದನ್ನು ಬಿಟ್ಟಿದ್ದಾರೆ ಅಂತ ಅರ್ಥ. 24 ಬಂದರೆ ಆರ್ಡರ್ ಖರ್ಚನ್ನೂ ಇಟ್ಟುಕೊಳ್ಳುವ ಖರ್ಚನ್ನೂ ಅದಲುಬದಲು ಮಾಡಿದ್ದಾರೆ. 90,000 ಬಂದರೆ ವರ್ಗಮೂಲ ತೆಗೆಯುವುದು ಮರೆತಿದ್ದಾರೆ. ಈ ಮೂರು ತಪ್ಪುಗಳು ಪ್ರತಿ ವರ್ಷದ ಉತ್ತರ ಪತ್ರಿಕೆಯಲ್ಲೂ ಸಿಗುತ್ತವೆ. ಒಂದು ಸಲ ಕೂತು ಬರೆದುಬಿಟ್ಟರೆ, ರಾತ್ರಿ ಹತ್ತಕ್ಕೆ ಅಭ್ಯಾಸ ಮಾಡುವ ಹುಡುಗಿಗೆ 'ಎಲ್ಲ ಸರಿಯಿದೆ, ಕೊನೆಯಲ್ಲಿ ವರ್ಗಮೂಲ ತೆಗೆಯಬೇಕಿತ್ತು' ಅನ್ನುವ ಮಾತು ಆ ಕ್ಷಣವೇ ಸಿಗುತ್ತದೆ. ಬರೀ ಕೆಂಪು ಗುರುತು ಬಿದ್ದರೆ ಅವಳಿಗೆ ಏನು ತಿಳಿದೀತು?

ಕ್ವಿಜ್‌ಗೆ ಇಷ್ಟು ಒತ್ತು ಯಾಕೆ ಅಂದರೆ, ಅದು ಅಂಕಕ್ಕಿಂತ ಕಲಿಕೆಯ ಸಾಧನ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ, ಓದಿದ್ದನ್ನು ನೆನಪಿಸಿಕೊಂಡು ಬರೆದವರು ಮುಂದೆ ಬಂದಿದ್ದರು. ಆದ್ದರಿಂದ ಅಭ್ಯಾಸದ ಕ್ವಿಜ್‌ಗೆ ಎಷ್ಟು ಸಲ ಬೇಕಾದರೂ ಅವಕಾಶ ಕೊಡಿ. ಆಂತರಿಕ ಅಂಕಕ್ಕೆ ಬೇರೆಯೇ ಕ್ವಿಜ್ ಇಡಿ.

ಅಂಕದ ಕ್ವಿಜ್ ಇಡುವಾಗ ಮೂಡಲ್‌ನಲ್ಲಿ ಒಂದು ಎಚ್ಚರ ಬೇಕು. 200 ಜನ ಒಂದೇ ನಿಮಿಷಕ್ಕೆ ಒತ್ತಿದರೆ ಕಡಿಮೆ ದುಡ್ಡಿನ ಹೋಸ್ಟಿಂಗ್ ತಡೆದುಕೊಳ್ಳುವುದಿಲ್ಲ. ಕ್ವಿಜ್ ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ತೆರೆದಿರಲಿ, ಶುರು ಮಾಡಿದ ಮೇಲೆ ಪ್ರತಿಯೊಬ್ಬರಿಗೂ 30 ನಿಮಿಷ ಅಂತ ಕಾಲಮಿತಿ ಇರಲಿ. ಕರೆಂಟು ಹೋದವರಿಗೂ ಇನ್ನೊಂದು ಹೊತ್ತು ಸಿಗುತ್ತದೆ. ಉತ್ತರಗಳನ್ನು ಮೂಡಲ್ ಆಗಾಗ ತಾನೇ ಉಳಿಸಿಕೊಳ್ಳುತ್ತದೆ, ಗೂಗಲ್ ಫಾರ್ಮ್ ಕೂಡ ಲಾಗಿನ್ ಆದವರ ಅರ್ಧ ಉತ್ತರ ಉಳಿಸಿಟ್ಟಿರುತ್ತದೆ.

ಕನ್ನಡ ಅಕ್ಷರ ಕೈಕೊಡುವ ಕಡೆ

ಇದನ್ನು ಬೇರೆ ಭಾಷೆಯವರು ಬರೆದ ಮಾರ್ಗದರ್ಶಿಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮಲ್ಲಿ ಬಹಳಷ್ಟು ಜನರ ಹಳೆಯ ನೋಟ್ಸು 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೇ ಫಾಂಟ್‌ಗಳಲ್ಲಿದೆ. ಅದನ್ನು ತಾಣಕ್ಕೆ ನಕಲು ಮಾಡಿದರೆ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು ಎಲ್ಲ ಕಲಸಿದ ಸಾಲು ಬರುತ್ತದೆ. ಹೀಗಾಗಿ ಎಲ್ಲರೂ ಪಿಡಿಎಫ್ ಮಾಡಿ ಹಾಕಿಬಿಡುತ್ತಾರೆ. ಕಣ್ಣಿಗೆ ಸರಿಯಾಗೇ ಕಾಣುತ್ತದೆ. ಆದರೆ ಅದರೊಳಗೆ ಒಂದು ಪದ ಹುಡುಕಲು ಆಗುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಗೆ ಪರದೆ ಓದುವ ತಂತ್ರಾಂಶ ಅದನ್ನು ಓದಿ ಹೇಳಲಾರದು. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಆಚೆ ಹೋಗುತ್ತದೆ. ನೋಟ್ಸನ್ನು ಯೂನಿಕೋಡ್‌ಗೆ (ಎಲ್ಲ ಫೋನು, ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತ) ಬದಲಿಸಿ, ಪುಟದಲ್ಲೇ ಪಠ್ಯವಾಗಿ ಹಾಕಿ. ಬದಲಿಸುವ ಉಚಿತ ಸಾಧನಗಳು ಸಿಗುತ್ತವೆ, ನುಡಿಯ ಈಚಿನ ಆವೃತ್ತಿಗಳಲ್ಲಿ ನೇರ ಯೂನಿಕೋಡ್‌ನಲ್ಲೇ ಟೈಪ್ ಮಾಡಬಹುದು. ಬದಲಿಸಿದ ಮೇಲೆ ಒಮ್ಮೆ ಓದಿ ನೋಡಿ, ಅರ್ಕಾವತ್ತು ಇರುವ ಕಡೆ ಎಡವಟ್ಟಾಗಿರಬಹುದು.

ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷ್‌ಗೆ ಹೊಂದಿಸಿದ ಸಾಲಿನ ಅಂತರದಲ್ಲಿ ಕನ್ನಡ ಇಕ್ಕಟ್ಟಾಗಿ ಕಾಣುತ್ತದೆ. ಅಕ್ಷರದ ಅಳತೆಗಿಂತ ಒಂದೂವರೆ ಪಟ್ಟಿಗೂ ಸ್ವಲ್ಪ ಹೆಚ್ಚು ಅಂತರ ಕೊಟ್ಟರೆ ಓದಲು ಹಿತ. ಮೂಡಲ್‌ನಲ್ಲಿ, ಸೈಟ್ಸ್‌ನಲ್ಲಿ ಇದನ್ನು ಹೊಂದಿಸಬಹುದು. ಕ್ಲಾಸ್‌ರೂಮ್‌ನ ಸೂಚನೆಗಳಲ್ಲಿ ಆಗುವುದಿಲ್ಲ, ಗೂಗಲ್ ಡಾಕ್‌ನಲ್ಲಿ ಬರೆದು ಜೋಡಿಸಬೇಕು.

ಕಿರು ಉತ್ತರ ಟೈಪ್ ಮಾಡುವ ಪ್ರಶ್ನೆಗಳನ್ನು ಕನ್ನಡದಲ್ಲಿ ತಾನೇ ತಿದ್ದಲು ಬಿಡಬೇಡಿ. ಯಂತ್ರ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ನೀವು 'ದ್ಯುತಿಸಂಶ್ಲೇಷಣೆ' ಅಂತ ಕೊಟ್ಟಿದ್ದರೆ, ವಿದ್ಯಾರ್ಥಿ ನಡುವೆ ಜಾಗ ಬಿಟ್ಟು 'ದ್ಯುತಿ ಸಂಶ್ಲೇಷಣೆ' ಅಂತ ಬರೆದರೆ ತಪ್ಪು. 'ಪೋಸ್ಟ್‌ಮ್ಯಾನ್' ಥರದ ಪದಗಳಲ್ಲಿ ಅರ್ಧಾಕ್ಷರ ಬಿಡಿಸಲು ಕಣ್ಣಿಗೆ ಕಾಣದ ಒಂದು ಗುರುತು ಬೀಳುತ್ತದೆ. ಕೆಲವು ಕೀಬೋರ್ಡ್ ಅದನ್ನು ಹಾಕುತ್ತವೆ, ಕೆಲವು ಹಾಕುವುದಿಲ್ಲ. ಸರಿ ಉತ್ತರ ಬರೆದವರಿಗೆ ಸೊನ್ನೆ ಬಿದ್ದರೆ ತಾಣದ ಮೇಲಿನ ನಂಬಿಕೆಯೇ ಹೋಗುತ್ತದೆ. ಹೊಂದಿಸಿ ಬರೆಯುವ ಪ್ರಶ್ನೆ, ಆಯ್ಕೆಯ ಪ್ರಶ್ನೆ, ಅಂಕಿಯ ಉತ್ತರ ಇವನ್ನೇ ಹೆಚ್ಚಾಗಿ ಇಡಿ.

ಮೂಡಲ್‌ನ 'ಗ್ಲಾಸರಿ' ಕನ್ನಡ ಮಾಧ್ಯಮದಿಂದ ಬಂದವರಿಗೆ ತುಂಬಾ ಉಪಯೋಗ. ಪಾರಿಭಾಷಿಕ ಪದಗಳನ್ನು ಅರ್ಥದ ಜೊತೆ ಸೇರಿಸಿಟ್ಟು, ಸ್ವಯಂ ಕೊಂಡಿಯ ಆಯ್ಕೆ ಹಾಕಿದರೆ, ಪಾಠದಲ್ಲಿ ಆ ಪದ ಬಂದ ಕಡೆಯೆಲ್ಲ ತಾನಾಗಿ ಕೊಂಡಿ ಬೀಳುತ್ತದೆ. ಆದರೆ ನೀವು ಬರೆದ ರೂಪ ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಕೊಂಡಿ. ನಮ್ಮ ಪದಗಳಿಗೆ ವಿಭಕ್ತಿ ಅಂಟಿಕೊಳ್ಳುತ್ತದಲ್ಲ! 'ದಾಸ್ತಾನು' ಅಂತ ಸೇರಿಸಿದರೆ 'ದಾಸ್ತಾನಿನ', 'ದಾಸ್ತಾನಿಗೆ' ಬಂದಾಗ ಕೊಂಡಿ ಬೀಳದು. ಪ್ರತಿ ಪದದ ಜೊತೆ ಬದಲಿ ರೂಪಗಳನ್ನು ಬರೆಯಲು ಒಂದು ಜಾಗ ಇದೆ, ಹೆಚ್ಚು ಬಳಕೆಯ ಮೂರ್ನಾಲ್ಕು ರೂಪಗಳನ್ನು ಅಲ್ಲಿ ಹಾಕಿ.

ವಾರವೋ, ಘಟಕವೋ? ವೀಡಿಯೊವೋ, ನೋಟ್ಸೋ?

ವಿಶ್ವವಿದ್ಯಾಲಯದ ಪಠ್ಯಕ್ರಮ ಘಟಕಗಳಲ್ಲಿ ಇರುತ್ತದೆ. ಹಾಗಾಗಿ ತಾಣವನ್ನೂ ಐದು ಘಟಕಗಳಾಗಿ ಮಾಡುವುದು ರೂಢಿ. ಪರೀಕ್ಷೆಗೆ ಓದುವಾಗ ಅದು ಅನುಕೂಲ. ಸೆಮಿಸ್ಟರ್ ನಡೆಯುವಾಗ ಅನುಕೂಲ ಇಲ್ಲ. ಒಂದು ಘಟಕ ತೆರೆದರೆ ಹದಿನೈದು ಫೈಲು, ಈಗ ಎಲ್ಲಿದ್ದೇವೆ ಅಂತ ಗೊತ್ತಾಗುವುದಿಲ್ಲ. ನಾನು ವಾರದ ಪರ. ವಾರದ ಹೆಸರಿನಲ್ಲೇ ಘಟಕ ಸೇರಿಸಿದರೆ ಎರಡೂ ಕೆಲಸ ಆಗುತ್ತದೆ. ಒಂದು ವಾರದ ಪುಟ ಹೀಗಿರಬಹುದು:

*ವಾರ 4 (ಘಟಕ 2): ಎಷ್ಟು ಮಾಲು ತರಿಸಬೇಕು? ಇಒಕ್ಯೂ*
*ಈ ವಾರ ಮುಗಿದಾಗ ನೀವು ಮೂರು ಅಂಕಿ ಕೊಟ್ಟರೆ ಇಒಕ್ಯೂ ಕಂಡುಹಿಡಿಯಬಲ್ಲಿರಿ. ಒಟ್ಟು ಸುಮಾರು ಎರಡು ಗಂಟೆಯ ಕೆಲಸ.*
*ಓದಿ: ನೋಟ್ಸ್, 3 ಪುಟ.*
*ನೋಡಿ: ಬಿಡಿಸಿದ ಒಂದು ಲೆಕ್ಕ, 6 ನಿಮಿಷ.*
*ಮಾಡಿ: ಅಭ್ಯಾಸದ ಕ್ವಿಜ್, 5 ಲೆಕ್ಕ, ಎಷ್ಟು ಸಲ ಬೇಕಾದರೂ.*
*ಕೊಡಿ: ಪುಸ್ತಕದಲ್ಲಿ ಬಿಡಿಸಿದ ಎರಡು ಲೆಕ್ಕದ ಫೋಟೊ, ಶನಿವಾರ ಸಂಜೆಯೊಳಗೆ.*

ಎಷ್ಟು ಹೊತ್ತಿನ ಕೆಲಸ ಅಂತ ಬರೆಯುವುದನ್ನು ಬಿಡಬೇಡಿ. ಕೆಲಸಕ್ಕೆ ಹೋಗುವ ವಿದ್ಯಾರ್ಥಿ ತನ್ನ ವಾರವನ್ನು ಅದನ್ನು ನೋಡಿಯೇ ಹೊಂದಿಸಿಕೊಳ್ಳುತ್ತಾನೆ.

ಕೇಂದ್ರ ಸರ್ಕಾರದ 'ಸ್ವಯಂ' ಅನ್ನುವ ಆನ್‌ಲೈನ್ ತಾಣದ ಕೋರ್ಸುಗಳನ್ನು ವೀಡಿಯೊ, ಓದುವ ಪಠ್ಯ, ಚರ್ಚೆ, ಸ್ವಪರೀಕ್ಷೆ ಅಂತ ನಾಲ್ಕು ಭಾಗದಲ್ಲಿ ಕಟ್ಟುತ್ತಾರೆ. ನಾಲ್ಕೂ ಒಳ್ಳೆಯದೇ. ಆದರೆ ಒಬ್ಬರೇ ಮಾಡುವಾಗ ಎಲ್ಲಕ್ಕೂ ಸಮ ಸಮಯ ಕೊಡಲು ಆಗುವುದಿಲ್ಲ. ಆಯ್ಕೆ ಮಾಡಬೇಕಾದರೆ ಸ್ವಪರೀಕ್ಷೆ ಮೊದಲು, ಪಠ್ಯ ಎರಡನೆಯದು, ವೀಡಿಯೊ ಆಮೇಲೆ. ಫಿಲಿಪ್ ಗುವೋ ಮತ್ತು ಜೊತೆಯವರು 2014ರಲ್ಲಿ ಎಡ್‌ಎಕ್ಸ್‌ನ ನಾಲ್ಕು ಕೋರ್ಸುಗಳಲ್ಲಿ ಸುಮಾರು 69 ಲಕ್ಷ ಸಲ ವೀಡಿಯೊ ನೋಡಿದ ದಾಖಲೆ ಪರಿಶೀಲಿಸಿದರು. ವೀಡಿಯೊ ಎಷ್ಟೇ ಉದ್ದ ಇದ್ದರೂ ಜನ ನೋಡುತ್ತಿದ್ದದ್ದು ಹೆಚ್ಚೆಂದರೆ ಆರು ನಿಮಿಷದ ಆಸುಪಾಸು. 50 ನಿಮಿಷದ ಕ್ಲಾಸ್ ರೆಕಾರ್ಡಿಂಗ್ ಹಾಗೇ ಹಾಕುವ ಬದಲು ಅದರಲ್ಲಿನ ಒಂದು ಕಠಿಣ ಭಾಗ ಆರಿಸಿ ಆರು ನಿಮಿಷದಲ್ಲಿ ಮತ್ತೆ ಹೇಳಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್‌ನಲ್ಲಿ ಮನೆಯವರೆಲ್ಲ ಹಾಟ್‌ಸ್ಪಾಟ್ ಹಾಕಿಕೊಳ್ಳುವ ಮನೆಗಳಿಗೂ ಅದು ಹಗುರ. ಉಳಿದದ್ದಕ್ಕೆ ಎನ್‌ಪಿಟಿಇಎಲ್ (ಐಐಟಿ, ಐಐಎಸ್‌ಸಿಗಳ ಉಚಿತ ವೀಡಿಯೊ ಪಾಠಗಳ ತಾಣ) ಪಾಠಗಳ ಕೊಂಡಿ ಕೊಡಿ, ಎಷ್ಟನೇ ನಿಮಿಷದಿಂದ ನೋಡಬೇಕು ಅಂತಲೂ ಬರೆಯಿರಿ.

ಚರ್ಚೆಯ ಜಾಗ ತೆರೆದಿಟ್ಟರೆ ಸಾಮಾನ್ಯವಾಗಿ ಖಾಲಿಯೇ ಇರುತ್ತದೆ. ಎಲ್ಲರೆದುರು 'ನನಗೆ ಅರ್ಥ ಆಗಲಿಲ್ಲ' ಅನ್ನಲು ಸಂಕೋಚ. ಹೆಸರು ಕೇಳದ ಒಂದು ಫಾರ್ಮ್ ಇಡಿ, ವಾರದ ಕೊನೆಗೆ ಬಂದ ಪ್ರಶ್ನೆಗಳಿಗೆ ಒಂದೇ ಪುಟದಲ್ಲಿ ಉತ್ತರ ಹಾಕಿ. ಮೂಡಲ್‌ನ 'ಫೀಡ್‌ಬ್ಯಾಕ್'ನಲ್ಲೂ ಹೆಸರಿಲ್ಲದೆ ಉತ್ತರಿಸುವ ಅವಕಾಶ ಇದೆ.

ನೀವು ಹೋದ ಮೇಲೆ

ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರೇ ಬಹುಪಾಲು ಪಾಠ ಎಳೆಯುತ್ತಿದ್ದಾರೆ. ಮುಂದಿನ ವರ್ಷ ಅದೇ ಕಾಲೇಜು ಸಿಗುತ್ತದೆ ಅನ್ನುವ ಖಾತರಿ ಅವರಿಗಿಲ್ಲ. ಅವರು ಸ್ವಂತ ಜಿಮೇಲ್‌ನಲ್ಲಿ ಕಟ್ಟಿದ ತರಗತಿ ಅವರ ಜೊತೆಗೇ ಹೋಗುತ್ತದೆ, ಕಾಲೇಜಿನ ಮೂಡಲ್‌ನಲ್ಲಿ ಕಟ್ಟಿದ್ದು ಕಾಲೇಜಿನಲ್ಲೇ ಉಳಿಯುತ್ತದೆ. ಎರಡರಲ್ಲೂ ಒಬ್ಬರಿಗೆ ನಷ್ಟ. ಕಟ್ಟಿದವರ ಶ್ರಮ ಅವರ ಕೈಯಲ್ಲೂ ಇರಬೇಕು, ವಿದ್ಯಾರ್ಥಿಗಳಿಗೂ ಸಿಗಬೇಕು.

ಇದಕ್ಕೆ ದಾರಿ ಇದೆ. ಕ್ಲಾಸ್‌ರೂಮ್‌ನಲ್ಲಿ ವಿಭಾಗದ ಇನ್ನೊಬ್ಬರನ್ನು ಮೊದಲ ದಿನವೇ ಸಹ-ಉಪನ್ಯಾಸಕರಾಗಿ ಸೇರಿಸಿ. ಹೊರಡುವಾಗ ಇಡೀ ತರಗತಿಯ ಒಂದು ನಕಲು ನಿಮಗೆ ಮಾಡಿಕೊಂಡು, ಮೂಲದ ಮಾಲೀಕತ್ವವನ್ನು ಅವರಿಗೆ ಕೊಡಿ. ನಕಲಿನಲ್ಲಿ ಪಾಠ, ಪ್ರಶ್ನೆಗಳು ಬರುತ್ತವೆ, ವಿದ್ಯಾರ್ಥಿಗಳ ಉತ್ತರ ಬರುವುದಿಲ್ಲ, ಬರಲೂಬಾರದು. ಮೂಡಲ್‌ನಲ್ಲಿ ಕೋರ್ಸಿನ ಬ್ಯಾಕಪ್ ತೆಗೆದರೆ ಒಂದೇ ಫೈಲ್ ಸಿಗುತ್ತದೆ. ಬಳಕೆದಾರರ ಮಾಹಿತಿ ಬಿಟ್ಟು ತೆಗೆಯಿರಿ. ಅದನ್ನು ಅದೇ ಆವೃತ್ತಿಯ ಅಥವಾ ಅದಕ್ಕಿಂತ ಹೊಸ ಆವೃತ್ತಿಯ ಬೇರೆ ಮೂಡಲ್‌ನಲ್ಲಿ ತೆರೆಯಬಹುದು, ನೀವು ಬರೆದ ಇಒಕ್ಯೂ ಲೆಕ್ಕಗಳು, 212ಕ್ಕೂ 24ಕ್ಕೂ ಬರೆದ ಮಾತುಗಳು ಎಲ್ಲ ಅದರೊಳಗಿರುತ್ತವೆ. ಒಂದು ಪ್ರತಿ ವಿಭಾಗಕ್ಕೆ, ಒಂದು ನಿಮ್ಮ ಪೆನ್‌ಡ್ರೈವ್‌ಗೆ. ಇದನ್ನು ಕೊನೆಯ ವಾರಕ್ಕೆ ಬಿಡದೆ ಪ್ರತಿ ತಿಂಗಳು ತೆಗೆದಿಟ್ಟುಕೊಳ್ಳಿ, ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಿಮ್ಮ ಲಾಗಿನ್ ನಿಂತುಹೋಗಿರಬಹುದು.